ಮೂರನೆಯ ‘ಹೇಳಿದರು’

ಅರ್ಲೀನ್ ವೆಂಡ್ಟ್ ಮೂವತ್ತಮೂರು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಒಂದೇ ಕೆಲಸ ಮಾಡಿದವಳು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನಾರ್ಬಿ ಎಂಬ ಊರಿನ ‘ಕ್ರಾನಿಕಲ್’ ಪತ್ರಿಕೆಯ ಡೆಸ್ಕಿನಲ್ಲಿ ಅವಳು ಉಪಸಂಪಾದಕಿ. ವರದಿಗಾರರು ಬರೆದದ್ದನ್ನು ತಿದ್ದುವುದು, ತಲೆಬರಹ ಕೊಡುವುದು, ಪುಟಕ್ಕೆ ಕಳಿಸುವುದು ಅವಳ ಪಾಲಿನ ಕೆಲಸ. ವರದಿಯ ನೆತ್ತಿಯ ಮೇಲೆ ಅಚ್ಚಾಗುವುದು ಬರೆದವನ ಹೆಸರು. ತಿದ್ದಿದವರ ಹೆಸರು ಎಲ್ಲಿಯೂ ಬರುವುದಿಲ್ಲ. ಅಡುಗೆ ಕೆಟ್ಟರೆ ಬಡಿಸಿದವನನ್ನು ಬೈಯುವ ಲೋಕ ಇದು. ಈ ಏರ್ಪಾಟು ಅರ್ಲೀನ್‌ಗೆ ಅನುಕೂಲವಾಗಿತ್ತು. ಎಷ್ಟು ಅನುಕೂಲವಾಗಿತ್ತು ಎನ್ನುವುದೇ ಈ ಕಥೆ.

ಅವಳ ಹೆಸರು ಆ ಕಚೇರಿಯಲ್ಲಿ ಒಂದು ಪದಕ್ಕೆ ಅಂಟಿಕೊಂಡಿತ್ತು. ಯಾರು ಏನು ಮಾತಾಡಿದರೂ ಪತ್ರಿಕೆಯಲ್ಲಿ ಅವರು ‘ಹೇಳಿದರು’. ಮೇಯರ್ ಹೇಳಿದರು, ಪಾದ್ರಿ ಹೇಳಿದರು, ಕಳ್ಳ ಹೇಳಿದ. ನುಡಿದರು, ಉಸುರಿದರು, ಕಿಡಿಕಾರಿದರು, ಅಲವತ್ತುಕೊಂಡರು ಎಂದೆಲ್ಲ ಬರೆದು ತಂದ ಹೊಸ ವರದಿಗಾರರ ಹಾಳೆ ಅವಳ ಮೇಜು ದಾಟುವಷ್ಟರಲ್ಲಿ ಬೋಳಾಗಿರುತ್ತಿತ್ತು. ಒಬ್ಬ ಹುಡುಗಿ ಒಮ್ಮೆ ಹಂದಿ ಸಾಕುವವರ ಸಭೆಯ ವರದಿಯಲ್ಲಿ ಹನ್ನೊಂದು ಬೇರೆ ಬೇರೆ ಪದ ಹಾಕಿ ತಂದಿದ್ದಳು. ಅರ್ಲೀನ್ ಹನ್ನೊಂದನ್ನೂ ಹೊಡೆದು ಹಾಕಿದಳು. ಹುಡುಗಿ ಬಚ್ಚಲುಮನೆಗೆ ಹೋಗಿ ಅತ್ತು ಬಂದಳು. ಆಮೇಲೆ ಅದೇ ಹುಡುಗಿ ದೊಡ್ಡ ಊರಿನ ಪತ್ರಿಕೆ ಸೇರಿ, ಅಲ್ಲಿಂದ ಪ್ರತಿ ಕ್ರಿಸ್ಮಸ್ಸಿಗೆ ಕಾರ್ಡು ಕಳಿಸುತ್ತಿದ್ದಳು. ಕಾರ್ಡಿನಲ್ಲಿ ‘ಶುಭಾಶಯ ಎಂದು ಅವಳು ಹೇಳಿದಳು’ ಎಂದಷ್ಟೇ ಇರುತ್ತಿತ್ತು.

ಹೊಸಬರಿಗೆ ಅರ್ಲೀನ್ ಒಂದೇ ಸಲ ಪಾಠ ಹೇಳುತ್ತಿದ್ದಳು, ಅದೂ ದನಿ ಏರಿಸದೆ. ‘ಸ್ಪಷ್ಟಪಡಿಸಿದರು’ ಎಂದು ಬರೆದರೆ ಆತ ಹೇಳಿದ್ದು ನಿಜ ಎಂದು ನೀವು ಜಾಮೀನು ನಿಂತಂತೆ. ‘ಹೇಳಿಕೊಂಡರು’ ಎಂದರೆ ಓದುವವನಿಗೆ ಕಣ್ಣು ಹೊಡೆದಂತೆ. ‘ಬಹಿರಂಗಪಡಿಸಿದರು’ ಎಂದರೆ ಅಲ್ಲಿಯವರೆಗೆ ಮುಚ್ಚಿಟ್ಟಿದ್ದರು ಎಂದಾಯಿತು. ‘ವಾದಿಸಿದರು’ ಎಂದ ಕೂಡಲೇ ಎದುರಿಗೆ ಇನ್ನೊಬ್ಬ ವಕೀಲನ ಕೋಟು ಹಾಕಿಕೊಂಡು ನಿಂತುಬಿಡುತ್ತಾನೆ. ‘ನೆನಪಿಸಿಕೊಂಡರು’ ಎಂದರೂ ಹುಷಾರು, ನಡೆಯದ್ದನ್ನು ಯಾರೂ ನೆನಪಿಸಿಕೊಳ್ಳಲಾರರು. ಇಷ್ಟು ಹೇಳಿ, ಒಂದು ಉದಾಹರಣೆ ಕೊಡುತ್ತಿದ್ದಳು. ಪಂಚಾಯಿತಿ ಅಧ್ಯಕ್ಷ ಸಭೆಯಲ್ಲಿ ‘ಗುಡುಗಿದರು’ ಎಂದು ಒಮ್ಮೆ ಅಚ್ಚಾದಾಗ, ಮರುದಿನ ಅಧ್ಯಕ್ಷರ ಹೆಂಡತಿ ಫೋನ್ ಮಾಡಿ, ಗುಡುಗಿದ್ದು ಯಾವ ಅಧ್ಯಕ್ಷರು, ನಮ್ಮ ಮನೆಯವರಂತೂ ಅಲ್ಲ ಎಂದು ವಿಚಾರಿಸಿದ್ದರು. ಹೊಸಬರು ನಗುತ್ತಿದ್ದರು. ‘ಒಪ್ಪಿಕೊಂಡರು’ ಎಂಬ ಪದದ ವಿಷಯ ಮಾತ್ರ ಅವಳು ಪಾಠದಲ್ಲಿ ಎತ್ತುತ್ತಿರಲಿಲ್ಲ. ಹಾಳೆಯಲ್ಲಿ ಅದು ಕಂಡರೆ ಸುಮ್ಮನೆ ಹೊಡೆದು ಹಾಕುತ್ತಿದ್ದಳು, ನಗುತ್ತಿರಲಿಲ್ಲ.

ಇಂಥವಳ ತಾಯಿ ಪ್ರಾಥಮಿಕ ಶಾಲೆಯ ಮೂರನೇ ತರಗತಿಯ ಟೀಚರು. ಮಿಸೆಸ್ ವೆಂಡ್ಟ್ ಎಂದರೆ ಊರಿನ ಅರ್ಧ ಜನಕ್ಕೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಅವರ ತರಗತಿಯ ಗೋಡೆಯ ಮೇಲೆ ರಟ್ಟಿನಲ್ಲಿ ಕತ್ತರಿಸಿದ ಒಂದು ಗೋರಿಕಲ್ಲು ಇತ್ತು. ಬೂದು ಬಣ್ಣ ಬಳಿದು ಅದರ ಮೇಲೆ ‘ಹೇಳಿದನು ಎಂಬುವನು ಸತ್ತ, ಇಲ್ಲಿ ಮಲಗಿದ್ದಾನೆ’ ಎಂದು ಬರೆದಿದ್ದರು. ಸುತ್ತ ಬಣ್ಣದ ಕಾಗದದ ಹೂಗಳು, ಒಂದೊಂದು ಹೂವಿನ ಮೇಲೆ ಒಂದೊಂದು ಬದಲಿ ಪದ: ಪಿಸುಗುಟ್ಟಿದನು, ಗೊಣಗಿದನು, ಘೋಷಿಸಿದನು, ಒಪ್ಪಿಕೊಂಡನು. ಮಕ್ಕಳು ಕಥೆ ಬರೆಯುವಾಗ ಸತ್ತವನನ್ನು ಎಬ್ಬಿಸಿದರೆ ಕೆಂಪು ಗೀಟು. ಈ ಗೋರಿ ಬರೀ ನಾರ್ಬಿಯಲ್ಲಿ ಇತ್ತು ಎನ್ನಬೇಡಿ. ಈ ದೇಶದಲ್ಲಿ ಅದಿಲ್ಲದ ಶಾಲೆ ಕಡಿಮೆ. ಒಂದೇ ಪದವನ್ನು ಎರಡು ಸಲ ಬಳಸುವುದು ಒಂದೇ ಅಂಗಿಯನ್ನು ಎರಡು ದಿನ ಹಾಕಿಕೊಂಡಷ್ಟು ನಾಚಿಕೆಗೇಡು ಎಂದು ಕಲಿತೇ ಇಲ್ಲಿನ ಮಕ್ಕಳು ದೊಡ್ಡವರಾಗುತ್ತಾರೆ. ಅರ್ಲೀನ್ ಆ ಗೋರಿಯ ಹೂಗಳನ್ನು ಅಮ್ಮನ ಜೊತೆ ಅಡುಗೆಮನೆಯ ಮೇಜಿನ ಮೇಲೆ ಕತ್ತರಿಸಿದವಳು. ‘ಒಪ್ಪಿಕೊಂಡನು’ ಎಂಬ ಹಳದಿ ಹೂವು ಅವಳದೇ ಕೈಬರಹ.

ಕಾಲೇಜು ಮುಗಿಸಿ, ಇಪ್ಪತ್ತಮೂರನೇ ವಯಸ್ಸಿನಲ್ಲಿ, ಅವಳು ಕ್ರಾನಿಕಲ್‌ಗೆ ಸೇರಿ ಮೂರು ತಿಂಗಳಾಗಿತ್ತು. 1979ರ ಜನವರಿಯ ಒಂದು ಭಾನುವಾರ ಬೆಳಿಗ್ಗೆ, ಜನವೆಲ್ಲ ಚರ್ಚಿನಲ್ಲಿದ್ದಾಗ, ಸಹಕಾರಿ ಚೀಸ್ ಕಾರ್ಖಾನೆಗೆ ಬೆಂಕಿ ಬಿತ್ತು. ಯಾರೂ ಸಾಯಲಿಲ್ಲ. ಆದರೆ ಸುತ್ತಲ ಎಪ್ಪತ್ತು ಮನೆಗಳ ಹಾಲು ಹೋಗುತ್ತಿದ್ದದ್ದು ಅಲ್ಲಿಗೆ. ಆ ಸಂಜೆ ಹಾಲು ಕೊಳ್ಳುವವರಿಲ್ಲದೆ ರೈತರು ಹಿಮದ ಮೇಲೆ ಕ್ಯಾನು ಬಗ್ಗಿಸಿದ್ದನ್ನು ನೋಡಿದವರು ಇನ್ನೂ ಇದ್ದಾರೆ.

ಆ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದವನು ಓರಿನ್ ಸ್ಕೋಗ್ಲಂಡ್ ಒಬ್ಬನೇ. ಇಪ್ಪತ್ತೆರಡು ವರ್ಷದಿಂದ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಮಾತು ಕಡಿಮೆ, ಕೆಲಸ ಗಡಿಯಾರ. ವರದಿ ಮಾಡಿದವನು ಡೇಲ್ ಫೆನ್ಸ್ಕಿ. ಓರಿನ್‌ಗೂ ಡೇಲ್‌ಗೂ ಹದಿಮೂರು ವರ್ಷ ಅಂತರವಿದ್ದರೂ ಇಬ್ಬರೂ ಗಳಸ್ಯ ಕಂಠಸ್ಯ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಇಬ್ಬರಿಗೂ ಸೇರಿ ಒಂದೇ ಗುಡಿಸಲು, ಒಂದೇ ಒಲೆ. ಡೇಲ್ ಓರಿನ್‌ನನ್ನು ಮಾತಾಡಿಸಿ, ಮಧ್ಯಾಹ್ನ ಕಚೇರಿಗೆ ಬಂದು ಟೈಪು ಮಾಡಿದ. ಅವನು ಬರೆದದ್ದರಲ್ಲಿ ಒಂದು ಕಡೆ ಹೀಗಿತ್ತು:

‘ಹತ್ತು ಗಂಟೆಗೆ ಬಾಯ್ಲರಿನ ಒತ್ತಡ ನೋಡಿದೆ ಎಂದು ಸ್ಕೋಗ್ಲಂಡ್ ಹೇಳಿದರು. ಎಲ್ಲ ಸರಿಯಾಗಿತ್ತು ಎಂದು ಅವರು ಹೇಳಿದರು. ಬೆಂಕಿ ಕಾಣಿಸಿಕೊಂಡಾಗ ತಾನು ಎದುರಿನ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದೆ ಎಂದು ಅವರು ಹೇಳಿದರು.’

ಪ್ರತಿ ಭಾನುವಾರ ಹತ್ತು ಗಂಟೆಗೆ ಒತ್ತಡ ನೋಡಿದ ಮೇಲೆ ಓರಿನ್ ಆ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದ. ಕಾರ್ಖಾನೆಯ ಆಡಳಿತಕ್ಕೂ ಗೊತ್ತಿತ್ತು, ಊರಿಗೂ ಗೊತ್ತಿತ್ತು, ಬೇಕಾದರೆ ಬಾಯ್ಲರಿಗೂ ಗೊತ್ತಿತ್ತು. ಆದರೆ ಹಾಳೆ ಬಂದದ್ದು ಅರ್ಲೀನಳ ಕೈಗೆ. ಅವಳ ಕಣ್ಣಿಗೆ ಬಿದ್ದದ್ದು ಬೆಂಕಿಯಲ್ಲ, ಓರಿನ್ನೂ ಅಲ್ಲ. ಒಂದರ ಕೆಳಗೊಂದು ಬಂದು ಕೂತಿದ್ದ ಮೂರು ‘ಹೇಳಿದರು’. ಮೊದಲನೆಯದನ್ನು ಬಿಟ್ಟಳು. ಎರಡನೆಯದನ್ನು ‘ತಿಳಿಸಿದರು’ ಮಾಡಿದಳು. ಮೂರನೆಯದನ್ನು ‘ಒಪ್ಪಿಕೊಂಡರು’ ಮಾಡಿದಳು. ಅಮ್ಮ ನೋಡಿದ್ದರೆ ಹಾಳೆಯ ಮೂಲೆಯಲ್ಲಿ ಒಂದು ನಕ್ಷತ್ರ ಅಂಟಿಸುತ್ತಿದ್ದರು ಎಂದು ಅವಳಿಗೆ ಅನ್ನಿಸಿದ್ದೂ ನಿಜ.

ಸೋಮವಾರ ಪತ್ರಿಕೆ ಬಂತು. ಬೆಂಕಿ ಬಿದ್ದಾಗ ತಾನು ಕಾಫಿ ಕುಡಿಯುತ್ತಿದ್ದೆ ಎಂದು ಓರಿನ್ ಸ್ಕೋಗ್ಲಂಡ್ ಒಪ್ಪಿಕೊಂಡರು. ತಪ್ಪಿಲ್ಲದೆ ಯಾರೂ ಒಪ್ಪಿಕೊಳ್ಳುವುದಿಲ್ಲವಲ್ಲ.

ಡೇಲ್ ಬೆಳಿಗ್ಗೆಯೇ ಬಂದು, ಪತ್ರಿಕೆಯನ್ನೂ ತನ್ನ ಟೈಪಿನ ಕಾರ್ಬನ್ ಪ್ರತಿಯನ್ನೂ ಅವಳ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಆ ಸಾಲಿನ ಮೇಲೆ ಬೆರಳಿಟ್ಟು, “ಇದು ನನ್ನ ಪದ ಅಲ್ಲ,” ಎಂದ.

ಮೂರು ಸಲ ಒಂದೇ ಪದ ಬಂದಿತ್ತು ಎಂದು ಅವಳು ಹೇಳಿದಳು. ಡೇಲ್ ಅವಳನ್ನು ಒಂದು ಕ್ಷಣ ನೋಡಿದ. ಸಿಟ್ಟು ಮಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ, ಅವನು ಮಾಡಲಿಲ್ಲ. ಇಬ್ಬರೂ ಸಂಪಾದಕ ವಾಲ್ಟರ್ ಬೋಮ್ ಹತ್ತಿರ ಹೋದರು. ತಿದ್ದುಪಡಿ ಹಾಕಬೇಕು ಎಂದು ಡೇಲ್ ಕೇಳಿದ. ಮುದುಕ ಕನ್ನಡಕ ಹಣೆಗೇರಿಸಿ ಎರಡನ್ನೂ ಓದಿದ. “ಅವನು ಕಾಫಿ ಕುಡೀತಿದ್ನಾ? ಹೌದು. ಹಾಗಂತ ಅವನೇ ಹೇಳಿದ್ನಾ? ಹೌದು. ಮತ್ತೆ ಏನಂತ ತಿದ್ದೋಣ? ಇಲ್ಲಿ ತಪ್ಪಾಗಿರೋದು ನಮ್ಮ ಹುಬ್ಬು ಕಣಯ್ಯಾ. ಹುಬ್ಬು ಏರಿಸಿಬಿಟ್ಟಿದೀವಿ. ಏರಿಸಿದ ಹುಬ್ಬಿಗೆ ತಿದ್ದುಪಡಿ ಹಾಕೋಕೆ ಬರಲ್ಲ.” ಆಮೇಲೆ ಅರ್ಲೀನ್ ಕಡೆ ತಿರುಗಿ, ಇನ್ನು ಮೇಲೆ ಹಾಳೆಯ ಮೇಲೆ ನಮ್ಮ ಹುಬ್ಬು ಕಾಣಬಾರದು ಎಂದಷ್ಟೇ ಹೇಳಿ ಕಳಿಸಿದ.

ಈ ಊರಿನವರು ಯಾರನ್ನೂ ಎದುರಿಗೆ ದೂರುವುದಿಲ್ಲ. ಬಾಯಿ ಬಿಟ್ಟು ಬೈಯುವುದು ಇಲ್ಲಿ ಅಸಭ್ಯ. ಸುಮ್ಮನಿರುವುದು ಸಭ್ಯತೆ, ಅದರಿಂದ ಕೊಲ್ಲಲೂ ಬರುತ್ತದೆ. ಆ ಶುಕ್ರವಾರ ಮೀನೂಟಕ್ಕೆ ಊರೆಲ್ಲ ಎಂದಿನಂತೆ ಹೋಟೆಲಿನಲ್ಲಿ ಸೇರಿತ್ತು. ಅರ್ಲೀನೂ ಅಮ್ಮನ ಜೊತೆ ಇದ್ದಳು. ಕಿಟಕಿ ಪಕ್ಕದ ಉದ್ದ ಮೇಜಿನಲ್ಲಿ ಓರಿನ್‌ಗೆ ಇಪ್ಪತ್ತು ವರ್ಷದಿಂದ ಒಂದು ಕುರ್ಚಿ. ಅವನು ಬಂದಾಗ ಆ ಕುರ್ಚಿಯ ಮೇಲೆ ಯಾರದೋ ಕೋಟು ಇತ್ತು. ಯಾರೂ ಅದನ್ನು ತೆಗೆಯಲಿಲ್ಲ. ಓರಿನ್ ಒಂದು ಗಳಿಗೆ ನಿಂತು, ಕ್ಯಾಪು ಕೈಯಲ್ಲಿ ತಿರುಗಿಸಿ, ಬಾರಿನ ತುದಿಗೆ ಹೋಗಿ ಕೂತು ಮೀನು ತಿಂದ. ಅದೇ ಹೊತ್ತಿಗೆ ಮಿಸೆಸ್ ವೆಂಡ್ಟ್ ಆಲೂಗಡ್ಡೆಗೆ ಉಪ್ಪು ಹಾಕಿಕೊಳ್ಳುತ್ತಾ, ಪತ್ರಿಕೆಯಲ್ಲಿ ಈಚೆಗೆ ಭಾಷೆ ಸುಧಾರಿಸಿದೆ ಎಂದು ಮಗಳನ್ನು ಹೊಗಳಿದರು. ಅರ್ಲೀನ್ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಐದು ವಾರದ ಮೇಲೆ ಅಗ್ನಿ ತನಿಖೆಯ ವರದಿ ಬಂತು. ಬೆಂಕಿ ಹುಟ್ಟಿದ್ದು ಪ್ಯಾಕಿಂಗ್ ಕೋಣೆಯ ಹಳೆಯ ವೈರಿಂಗಿನಲ್ಲಿ. ಬಾಯ್ಲರಿಗೂ ಅದಕ್ಕೂ ಸಂಬಂಧವಿಲ್ಲ. ಓರಿನ್ ಬಾಯ್ಲರನ್ನು ತಬ್ಬಿಕೊಂಡೇ ಕೂತಿದ್ದರೂ ಕಾರ್ಖಾನೆ ಸುಡುತ್ತಿತ್ತು. ಇದು ಏಳನೇ ಪುಟದಲ್ಲಿ ನಾಲ್ಕು ಅಂಗುಲದ ಸುದ್ದಿಯಾಗಿ ಬಂತು. ಏಳನೇ ಪುಟ ಯಾರು ಓದುತ್ತಾರೆ? ಹೊಸ ಕಾರ್ಖಾನೆ ಎದ್ದಾಗ ಬಾಯ್ಲರಿಗೆ ಬೇರೆಯವನನ್ನು ತೆಗೆದುಕೊಂಡರು. ಕಾರಣ ಯಾರೂ ಹೇಳಲಿಲ್ಲ, ಓರಿನ್ನೂ ಕೇಳಲಿಲ್ಲ. ಹದಿನೇಳು ಮೈಲಿ ಆಚೆಯ ಊರಿನ ಶಾಲೆಯಲ್ಲಿ ನೆಲ ಒರೆಸುವ ಕೆಲಸ ಹಿಡಿದು ರಿಟೈರ್ ಆಗುವವರೆಗೂ ಅಲ್ಲಿಗೆ ಓಡಾಡಿದ.

ಡೇಲ್‌ನ ಪಾಡು ಇನ್ನೊಂದು. ವರದಿಯ ಮೇಲಿದ್ದದ್ದು ಅವನ ಹೆಸರು. ತಿದ್ದಿದವರನ್ನು ಹೊರಗಿನವರಿಗೆ ತೋರಿಸಿಕೊಡುವುದು ವರದಿಗಾರರಲ್ಲಿ ಹೇಡಿತನ. ಹೆಸರು ಹಾಕಿಸಿಕೊಂಡವನು ಹೂವನ್ನೂ ಕಲ್ಲನ್ನೂ ತಾನೇ ಹಿಡಿಯಬೇಕು. ಓರಿನ್ ಒಂದು ದಿನ ಸರೋವರಕ್ಕೆ ಹೋಗಿ, ಗುಡಿಸಲಿನಿಂದ ತಾನು ತಂದಿಟ್ಟಿದ್ದ ಒಲೆ, ಮಂಜು ಕೊರೆಯುವ ಬೈರಿಗೆ, ಒಂದು ಸ್ಟೂಲು ಹೊರಗಿಟ್ಟು ಟ್ರಕ್ಕಿಗೆ ಹೇರಿಕೊಂಡು ಬಂದ. ಡೇಲ್ ಒಳಗೇ ಕೂತು ನೋಡುತ್ತಿದ್ದ. ಅಂದಿನಿಂದ ಓರಿನ್ ಅವನೊಡನೆ ಮಾತಾಡಲಿಲ್ಲ. ಡೇಲ್ ನಿಜ ಹೇಳಲಿಲ್ಲ. ಹೇಳಬೇಕಾದವಳು ಅರ್ಲೀನ್, ಮತ್ತು ಅವಳಿಗೆ ಅದು ಗೊತ್ತಿತ್ತು.

ಎಷ್ಟು ಸಲ ಹೊರಟಳೋ. ಒಮ್ಮೆ ಓರಿನ್ನನ ಮನೆಯ ಮುಂದೆ ಕಾರು ನಿಲ್ಲಿಸಿ, ಅವನು ಹಿಮ ಗೋರುವುದನ್ನು ನೋಡಿ, ಈಗ ಬೇಡ, ಕೆಲಸದಲ್ಲಿದ್ದಾರೆ ಎಂದು ಹೊರಟುಬಂದಳು. ಹಿಮ ಗೋರದ ದಿನ ಚಳಿಗಾಲದಲ್ಲಿ ಎಲ್ಲಿದೆ? ಆಮೇಲೆ ವರ್ಷಗಳು ಸೇರಿಕೊಂಡವು. ತಡವಾಗಿ ಹೇಳುವುದಕ್ಕೆ ಎರಡು ತಪ್ಪು ಹೇಳಬೇಕು, ಮಾಡಿದ್ದು ಒಂದು, ಮುಚ್ಚಿಟ್ಟಿದ್ದು ಇನ್ನೊಂದು; ಎರಡನೆಯದು ಪ್ರತಿ ವರ್ಷ ದಪ್ಪವಾಗುತ್ತದೆ. ಅವಳು ಮಾಡಿದ್ದು ಇಷ್ಟೇ: ಮೂವತ್ತೆರಡು ವರ್ಷ ಬೇರೆಯವರ ಹುಬ್ಬುಗಳನ್ನು ಇಳಿಸುತ್ತಾ ಕೂತಳು. ಅದನ್ನು ಜನ ವೃತ್ತಿನಿಷ್ಠೆ ಎಂದು ಕರೆದು ಒಂದು ಪ್ರಶಸ್ತಿಯನ್ನೂ ಕೊಟ್ಟರು. ಪ್ರಶಸ್ತಿಯ ಹಲಗೆಯನ್ನು ಅವಳು ಗೋಡೆಗೆ ಹಾಕಲಿಲ್ಲ. ಡೇಲ್ ಅದೇ ಕೋಣೆಯಲ್ಲಿ ಇನ್ನೂ ಇಪ್ಪತ್ತಮೂರು ವರ್ಷ ಅವಳ ಎದುರಿನ ಮೇಜಿನಲ್ಲಿ ಕೆಲಸ ಮಾಡಿದ. ಹವೆ, ಜಿಂಕೆ ಬೇಟೆ, ಮೊಮ್ಮಕ್ಕಳು ಎಲ್ಲವನ್ನೂ ಮಾತಾಡಿದರು. ಅದೊಂದನ್ನು ಬಿಟ್ಟು.

2011ರ ಅಕ್ಟೋಬರಿನಲ್ಲಿ ಕ್ರಾನಿಕಲ್ ತನ್ನ ಡೆಸ್ಕನ್ನು ಮುಚ್ಚಿತು. ಇನ್ನು ಮುಂದೆ ತಿದ್ದುವ ಕೆಲಸವೆಲ್ಲ ನೂರಾರು ಮೈಲಿ ದೂರದ ಊರಿನಲ್ಲಿ, ಹತ್ತು ಪತ್ರಿಕೆಗಳಿಗೆ ಸೇರಿ ಒಂದೇ ಕಡೆ. ಅರ್ಲೀನ್‌ಗೆ ಶುಕ್ರವಾರ ಕೊನೆಯ ದಿನ. ಆ ವಾರದ ಮಂಗಳವಾರ ಶವಸಂಸ್ಕಾರದವರ ಕಚೇರಿಯಿಂದ ಒಂದು ನಿಧನವಾರ್ತೆ ಬಂತು. ಓರಿನ್ ಸ್ಕೋಗ್ಲಂಡ್, ಎಂಬತ್ತಾರು. ಬರೆದವಳು ಮಗಳು ಸಿಗ್ನೆ.

ಮನೆಯವರು ಬರೆದ ನಿಧನವಾರ್ತೆಯನ್ನು ಡೆಸ್ಕಿನವರು ಮುಟ್ಟುವಂತಿಲ್ಲ. ಕಾಗುಣಿತ, ತಾರೀಖು ಸರಿಯಿದೆಯೇ ನೋಡಬೇಕು, ಅಷ್ಟೆ. ಅರ್ಲೀನ್ ಓದುತ್ತಾ ಹೋದಳು. ಹುಟ್ಟು, ಮದುವೆ, ಟ್ರಾಂಬೋನ್ ನುಡಿಸುತ್ತಿದ್ದದ್ದು, ತೋಟದ ಬೀಟ್‌ರೂಟು. ನಡುವೆ ಒಂದು ಸಾಲು: ‘1979ರ ಬೆಂಕಿಗೆ ತಾವು ಕಾರಣರಲ್ಲ ಎಂದು ಅವರು ಕೊನೆಯವರೆಗೂ ವಾದಿಸುತ್ತಿದ್ದರು.’

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಮಗಳು ಪ್ರೀತಿಯಿಂದ ಬರೆದ ಸಾಲು. ಆದರೆ ಶುಕ್ರವಾರ ಅದನ್ನು ಓದುವ ಊರು ಮತ್ತೆ ತಲೆ ಆಡಿಸುತ್ತದೆ: ಪಾಪ, ಕೊನೆಯವರೆಗೂ ವಾದಿಸುತ್ತಿದ್ದನಂತೆ. ಅವನನ್ನು ಆ ‘ಒಪ್ಪಿಕೊಂಡರು’ ಪದದ ತಮ್ಮನ ಜೊತೆ ಹೂಳಿದಂತಾಗುತ್ತದೆ. ನಿಯಮ ಹಿಡಿದು ಸುಮ್ಮನೆ ಪುಟಕ್ಕೆ ಕಳಿಸಬಹುದಿತ್ತು. ಮೂರು ದಿನದಲ್ಲಿ ಈ ಕುರ್ಚಿಯೇ ಇರುವುದಿಲ್ಲ. ಕೊನೆಯಲ್ಲಿ ಶವಪೆಟ್ಟಿಗೆ ಹೊರುವವರ ಪಟ್ಟಿ ಇತ್ತು, ಅದರಲ್ಲಿ ಐದೇ ಹೆಸರು. ಆರು ಇರಬೇಕು. ಆರನೆಯ ಹೆಸರು ಬಿಟ್ಟುಹೋಗಿದೆಯೇ ಎಂದು ಕೇಳುವುದಕ್ಕೆ ಫೋನ್ ಮಾಡಲು ಅಡ್ಡಿಯಿರಲಿಲ್ಲ. ಅದೊಂದು ನೆಪ ಎಂದು ಅವಳಿಗೇ ಗೊತ್ತಿತ್ತು. ನೆಪವಾದರೂ ಸಿಕ್ಕಿತಲ್ಲ ಎಂದು ಫೋನ್ ಎತ್ತಿದಳು.

ಹೆಸರು ಬಿಟ್ಟುಹೋಗಿಲ್ಲ, ಆರನೆಯವರು ಸಿಗಲಿಲ್ಲ ಎಂದಳು ಸಿಗ್ನೆ. ಅಪ್ಪನಿಗೆ ಸ್ನೇಹಿತರು ಕಡಿಮೆ. ಸಂಸ್ಕಾರದ ಕಚೇರಿಯವರೇ ಒಬ್ಬರನ್ನು ನಿಲ್ಲಿಸುತ್ತಾರಂತೆ. ಅರ್ಲೀನ್ ಬೆಂಕಿಯ ಸಾಲಿಗೆ ಬಂದಳು. ‘ವಾದಿಸುತ್ತಿದ್ದರು’ ಎಂಬ ಪದ ಬೇಕೇ ಎಂದು ಕೇಳಿದಳು.

ಸಿಗ್ನೆ ಸಣ್ಣಗೆ ನಕ್ಕಳು. “‘ಹೇಳುತ್ತಿದ್ದರು’ ಅಂತಾನೇ ಮೊದಲು ಬರೆದಿದ್ದೆ. ಆಮೇಲೆ ನಿಮ್ಮಮ್ಮ ನೆನಪಾದ್ರು. ಅವರ ಕ್ಲಾಸಲ್ಲಿ ಆ ಪದಕ್ಕೆ ಕೆಂಪು ಗೀಟು ಬೀಳ್ತಿತ್ತಲ್ಲ.”

ಅರ್ಲೀನ್‌ಗೆ ಹಳದಿ ಕಾಗದದ ಹೂವು ಕಣ್ಣ ಮುಂದೆ ಬಂತು. ಎರಡೂ ಬೇಡ ಎಂದಳು. ಆ ವರ್ಷ ಫೆಬ್ರವರಿಯ ಪತ್ರಿಕೆಯ ಏಳನೇ ಪುಟದಲ್ಲಿ ತನಿಖೆಯ ವರದಿ ಇದೆ, ಬೆಂಕಿಗೆ ಕಾರಣ ವೈರಿಂಗು. “ಅದು ನಿಮ್ಮಪ್ಪ ಹೇಳಿದ್ದಲ್ಲ ಸಿಗ್ನೆ, ವಾದಿಸಿದ್ದೂ ಅಲ್ಲ. ಆಗಿದ್ದೇ ಹಾಗೆ. ‘ಬೆಂಕಿಗೆ ಅವರು ಕಾರಣರಲ್ಲ’ ಅಂತ ಬರೀರಿ. ಅಲ್ಲಿಗೆ ನಿಲ್ಲಿಸಿ.”

ಸಿಗ್ನೆಯ ದನಿ ಬದಲಾಯಿತು. ಹಾಗಾದರೆ ಪತ್ರಿಕೆಯಲ್ಲಿ ಅಪ್ಪ ಒಪ್ಪಿಕೊಂಡರು ಎಂದು ಯಾಕೆ ಬಂತು ಎಂದು ಕೇಳಿದಳು. ಆ ತುಂಡನ್ನು ಅಪ್ಪ ಕತ್ತರಿಸಿ ಬೈಬಲಿನಲ್ಲಿ ಇಟ್ಟುಕೊಂಡಿದ್ದರಂತೆ. ಡೇಲ್ ನನ್ನ ಬಾಯಲ್ಲಿ ಇಲ್ಲದ ಮಾತು ಹಾಕಿದ, ಅವನೇ ಹಾಗೆ ಮಾಡಿದ ಮೇಲೆ ಇನ್ನು ಯಾರನ್ನು ನಂಬಲಿ ಎನ್ನುತ್ತಿದ್ದರಂತೆ.

ಇಲ್ಲಿಯೂ ಒಂದು ದಾರಿ ಇತ್ತು. ಯಾವಾಗಲೋ ಆದ ಮಾತು, ಯಾರಿಗೆ ನೆನಪಿರುತ್ತದೆ ಎಂದರೆ ಮುಗಿಯುತ್ತಿತ್ತು. ಅರ್ಲೀನ್ ಎದುರಿನ ಖಾಲಿ ಮೇಜನ್ನು ನೋಡಿದಳು. ಡೇಲ್ ರಿಟೈರ್ ಆಗಿ ಒಂಬತ್ತು ವರ್ಷವಾಗಿತ್ತು.

“ಡೇಲ್ ಬರೆದಿದ್ದು ‘ಹೇಳಿದರು’ ಅಂತ. ಅದನ್ನ ಬದಲಾಯಿಸಿದ್ದು ನಾನು.”

“ಅಪ್ಪನಿಗೆ ಗೊತ್ತಿತ್ತಾ?”

“ಇಲ್ಲ.”

“ಡೇಲ್‌ಗೆ?”

“ಅವತ್ತಿಂದಲೂ ಗೊತ್ತು. ನನ್ನ ಹೆಸರು ಹೇಳಲಿಲ್ಲ.”

“ಮೂವತ್ತೆರಡು ವರ್ಷ ನೀವು ಇದೇ ಊರಲ್ಲಿದ್ರಿ, ಅರ್ಲೀನ್. ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ.”

“ಇದ್ದೆ.”

ಸಿಗ್ನೆ ಫೋನ್ ಇಟ್ಟಳು. ಬೈದು ಇಟ್ಟಿದ್ದರೆ ಚೆನ್ನಾಗಿತ್ತು. ಅವಳೂ ಈ ಊರಿನವಳೇ. ಒಂದು ಗಂಟೆಯ ಮೇಲೆ ನಿಧನವಾರ್ತೆ ತಿದ್ದಿ ಬಂತು. ಬೆಂಕಿಗೆ ಅವರು ಕಾರಣರಲ್ಲ ಎಂದು ಇತ್ತು. ಹೊರುವವರ ಪಟ್ಟಿಯಲ್ಲಿ ಆರು ಹೆಸರುಗಳಿದ್ದವು. ಆರನೆಯದು ಡೇಲ್ ಫೆನ್ಸ್ಕಿ. ಅರ್ಲೀನ್‌ಗೆ ಎಂದು ಒಂದಕ್ಷರವೂ ಇರಲಿಲ್ಲ.

ಅವಳು ಎದ್ದು ಸಂಪಾದಕನ ಕೋಣೆಗೆ ಹೋದಳು. ಈಗಿನ ಸಂಪಾದಕ ಟ್ರೆವರ್ ಲಿಂಡ್‌ಗೆ ಮೂವತ್ತೊಂದು ವರ್ಷ. ಬೆಂಕಿ ಬಿದ್ದಾಗ ಹುಟ್ಟಿರಲಿಲ್ಲ. ಅವಳು ಎಲ್ಲವನ್ನೂ ಹೇಳಿ, ಎರಡನೇ ಪುಟದಲ್ಲಿ ತಿದ್ದುಪಡಿ ಬರಬೇಕು ಎಂದಳು. ಅವನು ತಬ್ಬಿಬ್ಬಾದ. ಮೂವತ್ತೆರಡು ವರ್ಷದ ಹಿಂದಿನದಕ್ಕೆ ತಿದ್ದುಪಡಿ ಕೇಳಿದವರು ಯಾರೂ ಇಲ್ಲ ಎಂದ. ಹಾಕಿದರೂ ‘ಸಂಪಾದನೆಯ ದೋಷದಿಂದ’ ಎಂದರೆ ಸಾಕು, ತಿದ್ದಿದವರ ಹೆಸರು ಹಾಕುವ ಪದ್ಧತಿ ಇಲ್ಲ ಎಂದ. ಆ ಪದ್ಧತಿಯ ನೆರಳಿನಲ್ಲೇ ಇಷ್ಟು ದಿನ ಕೂತಿದ್ದೆ ಎಂದಳು ಅರ್ಲೀನ್. ಬೋಮ್ ಮುದುಕ ಹುಬ್ಬಿಗೆ ತಿದ್ದುಪಡಿ ಇಲ್ಲ ಎಂದಿದ್ದ. ಅವನು ಒಳ್ಳೆಯವನೇ, ಆದರೆ ಅವತ್ತು ಅವನ ಲೆಕ್ಕ ತಪ್ಪಿತ್ತು ಎಂದೂ ಹೇಳಿದಳು. ಟ್ರೆವರ್ ಅವಳ ಮುಖ ನೋಡಿ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡ.

ಅವನು ಬರೆದದ್ದನ್ನು ರೂಢಿಯಂತೆ ಅವಳಿಗೇ ತಿದ್ದಲು ಕಳಿಸಿದ. ಅವಳ ಕೈಯಲ್ಲೇ ಪಳಗಿದ ಹುಡುಗ, ಒಂದು ಪದವೂ ಹೆಚ್ಚಿಲ್ಲ. 1979ರ ಜನವರಿಯ ವರದಿಯಲ್ಲಿ ಓರಿನ್ ಸ್ಕೋಗ್ಲಂಡ್ ಒಪ್ಪಿಕೊಂಡರು ಎಂದು ಅಚ್ಚಾಗಿತ್ತು; ಅವರು ಹೇಳಿದ್ದರು, ಅಷ್ಟೆ; ಒಪ್ಪಿಕೊಳ್ಳುವಂಥದ್ದನ್ನು ಅವರು ಮಾಡಿರಲಿಲ್ಲ. ವರದಿಗಾರ ಡೇಲ್ ಫೆನ್ಸ್ಕಿ ಬರೆದದ್ದು ಸರಿಯಾಗಿತ್ತು. ಕೊನೆಯ ಸಾಲು: ‘ಪದವನ್ನು ಬದಲಾಯಿಸಿದ್ದು ತಾನು ಎಂದು ಉಪಸಂಪಾದಕಿ ಅರ್ಲೀನ್ ವೆಂಡ್ಟ್ ಹೇಳಿದರು.’

ಅವಳು ಎರಡು ಸಲ ಓದಿದಳು. ಆಮೇಲೆ ಕೊನೆಯ ‘ಹೇಳಿದರು’ ಹೊಡೆದು ‘ಒಪ್ಪಿಕೊಂಡರು’ ಎಂದು ಹಾಕಿ ಪುಟಕ್ಕೆ ಕಳಿಸಿದಳು.

ಶುಕ್ರವಾರ ಕಚೇರಿಯಲ್ಲಿ ಕೇಕು ಕತ್ತರಿಸಿದರು. ಕೇಕಿನ ಮೇಲೆ ಸಕ್ಕರೆಯಲ್ಲಿ ‘ಹೋಗಿಬರುತ್ತೇನೆ ಎಂದು ಅವಳು ಹೇಳಿದಳು’ ಎಂದು ಬರೆಸಿದ್ದರು. ಆರ್ಡರ್ ಕೊಟ್ಟಿದ್ದು ವಾರದ ಹಿಂದೆ. ಬೆಳಗಿನ ಪತ್ರಿಕೆ ಓದಿದ್ದವರು ನಗಬೇಕೋ ಬೇಡವೋ ತಿಳಿಯದೆ ಪೇಪರ್ ತಟ್ಟೆ ಹಿಡಿದು ನಿಂತಿದ್ದರು.

ಶನಿವಾರ ಲೂಥರನ್ ಚರ್ಚಿನಲ್ಲಿ ಸಂಸ್ಕಾರ. ಅರ್ಲೀನ್ ಕೊನೆಯ ಸಾಲಿನಲ್ಲಿ ಕೂತಳು. ಅವಳ ಪಕ್ಕದ ಜಾಗ ಖಾಲಿಯಿತ್ತು. ಯಾರೂ ಅಲ್ಲಿ ಕೋಟು ಇಟ್ಟಿರಲಿಲ್ಲ, ಕೂರಲೂ ಇಲ್ಲ. ಪೆಟ್ಟಿಗೆ ಹೊರಟಾಗ ಎಡಗಡೆಯ ಹಿಂದಿನ ಹಿಡಿಕೆ ಹಿಡಿದಿದ್ದವನು ಡೇಲ್. ಎಪ್ಪತ್ತಮೂರು ವಯಸ್ಸು, ಸೊಂಟದ ಕೀಲು ಬದಲಾಯಿಸಿದ ಕಾಲು. ಮೆಟ್ಟಿಲ ಹತ್ತಿರ ಸಂಸ್ಕಾರದವರ ಆಳು ಬಂದು ತಾನು ಹಿಡಿಯುತ್ತೇನೆ ಎಂದು ಕೈ ಚಾಚಿದ. ಡೇಲ್ ಬಿಟ್ಟುಕೊಡಲಿಲ್ಲ. ಒಂದೊಂದೇ ಮೆಟ್ಟಿಲು, ಕಾಲು ಜೋಡಿಸಿ ಜೋಡಿಸಿ ಇಳಿದ. ಉಳಿದ ಐದು ಜನ ಅವನಿಗೆ ಕಾದರು.

ಆಮೇಲೆ ಚರ್ಚಿನ ಕೆಳಗಿನ ಹಜಾರದಲ್ಲಿ ಊಟ. ಹ್ಯಾಮ್ ಇಟ್ಟ ಬನ್ನು, ಆಲೂಗಡ್ಡೆ ಸಲಾಡು, ಹೆಂಗಸರು ಮನೆಯಿಂದ ತಂದ ಸಿಹಿ. ಅರ್ಲೀನ್ ಹೊರಡೋಣ ಎಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಡೇಲ್ ಎರಡು ಲೋಟ ಕಾಫಿ ಹಿಡಿದು ಕುಂಟುತ್ತಾ ಬಂದ. ಒಂದನ್ನು ಅವಳ ಮುಂದೆ ಇಟ್ಟು, ಎದುರು ಕೂತ. ಬಹಳ ಹೊತ್ತು ಲೋಟವನ್ನೇ ತಿರುಗಿಸುತ್ತಿದ್ದ.

“ಆ ಕೊನೇ ಪದ ಹಾಕಿದ್ದು ಟ್ರೆವರ್ ಅಲ್ಲ ತಾನೆ,” ಎಂದ.

“ಅವನು ‘ಹೇಳಿದರು’ ಅಂತ ಬರೆದಿದ್ದ. ನಾನೇ ತಿದ್ದಿದೆ.”

ಡೇಲ್ ತಲೆಯಾಡಿಸಿದ. “ಪದ ಸರಿಯಾಗಿದೆ, ಅರ್ಲೀನ್. ಈ ಸಲ ಅದು ಇರಬೇಕಾದ ಜಾಗದಲ್ಲೇ ಇದೆ.” ಒಂದು ಗುಟುಕು ಕಾಫಿ ಕುಡಿದ. “ಕೊನೇ ದಿನದ ತನಕ ಓರಿನ್‌ಗೆ ಕಣ್ಣು ಚೆನ್ನಾಗೇ ಕಾಣ್ತಿತ್ತಂತೆ. ಪೇಪರ್ ಮೊದಲ ಪುಟದಿಂದ ಕೊನೇ ಪುಟದವರೆಗೂ ಓದ್ತಿದ್ನಂತೆ. ಸಿಗ್ನೆ ಹೇಳಿದಳು.”

ಹಜಾರದ ಆ ತುದಿಯಲ್ಲಿ ಹೆಂಗಸರು ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅರ್ಲೀನ್ ಕೋಟಿನ ಗುಂಡಿ ಬಿಚ್ಚಿ, ಕಾಫಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.